ಝೈತೂನ್ ಎಣ್ಣೆಯ ಕಹಿ: ಜಾಡಿಯಿಂದ ಜೀವಕೋಶದವರೆಗೆ

ರೋಮ್ ನಗರದ ದಕ್ಷಿಣ ಭಾಗದಲ್ಲಿ, ಟೈಬರ್ ನದಿಯ ದಡಕ್ಕೆ ಹತ್ತಿರದಲ್ಲಿ, ಮೋಂತೆ ತೆಸ್ತಾಚ್ಯೊ ಎಂಬ ಗುಡ್ಡವೊಂದಿದೆ. ಎತ್ತರ ಸುಮಾರು 35 ಮೀಟರ್. ಮೇಲೆ ಹುಲ್ಲು, ಗಿಡಗಂಟಿ ಬೆಳೆದಿದೆ. ದೂರದಿಂದ ನೋಡಿದವರಿಗೆ ಸಾಮಾನ್ಯ ಗುಡ್ಡವೆಂದೇ ಅನಿಸುತ್ತದೆ. ಆದರೆ ಅಗೆದರೆ ಸಿಗುವುದು ಬಂಡೆಯಲ್ಲ, ಒಡೆದ ಮಣ್ಣಿನ ಜಾಡಿಗಳ ಚೂರುಗಳು. ಕ್ರಿಸ್ತಶಕದ ಮೊದಲ ಮೂರು ಶತಮಾನಗಳಲ್ಲಿ ಹಡಗುಗಳ ಮೂಲಕ ರೋಮಿಗೆ ಬಂದ ಆಲಿವ್ ಎಣ್ಣೆಯ ಜಾಡಿಗಳವು. ಹೆಚ್ಚಿನವು ಬೈಟಿಕಾ ಪ್ರಾಂತದವು, ಅಂದರೆ ಇಂದಿನ ಸ್ಪೇನಿನ ಅಂದಲೂಸಿಯಾದವು. ಉಳಿದವು ಉತ್ತರ ಆಫ್ರಿಕಾದವು. ಒಂದೊಂದು ಖಾಲಿ ಜಾಡಿಯ ತೂಕವೇ ಸುಮಾರು 30 ಕಿಲೊ. ಅದರಲ್ಲಿ ಹಿಡಿಯುತ್ತಿದ್ದುದು 70 ಲೀಟರಿನಷ್ಟು ಎಣ್ಣೆ. ಇಂತಹ ಐದು ಕೋಟಿಗೂ ಹೆಚ್ಚು ಜಾಡಿಗಳು ಅಲ್ಲಿ ಬಿದ್ದಿವೆ ಎಂಬುದು ಪುರಾತತ್ವಜ್ಞರ ಅಂದಾಜು. 1872ರಲ್ಲಿ ಹೈನ್ರಿಕ್ ಡ್ರೆಸೆಲ್ ಎಂಬ ಜರ್ಮನ್ ವಿದ್ವಾಂಸ ಆ ಚೂರುಗಳ ಮೇಲಿನ ಬರಹಗಳನ್ನು ಓದಲಾರಂಭಿಸಿದ ಮೇಲೆ ಆ ಕಾಲದ ಎಣ್ಣೆ ವ್ಯಾಪಾರದ ಲೆಕ್ಕಪತ್ರವೇ ಜಗತ್ತಿಗೆ ತೆರೆದುಕೊಂಡಿತು.

ಜಾಡಿಗಳನ್ನು ಒಡೆದು ಎಸೆದದ್ದೇಕೆ? ದ್ರಾಕ್ಷಾರಸದ ಜಾಡಿಗಳನ್ನು ರೋಮನ್ನರು ಮತ್ತೆ ಮತ್ತೆ ಬಳಸುತ್ತಿದ್ದರು. ಎಣ್ಣೆಯ ಜಾಡಿ ಹಾಗಲ್ಲ. ಒಳಗೋಡೆಯ ಮಣ್ಣಿಗೆ ಇಳಿದ ಎಣ್ಣೆ ಕೆಲವೇ ತಿಂಗಳಲ್ಲಿ ಕಮಟಾಗುತ್ತಿತ್ತು. ಅದೇ ಜಾಡಿಗೆ ಹೊಸ ಎಣ್ಣೆ ಸುರಿದರೆ ಅದೂ ಕೆಡುತ್ತಿತ್ತು. ತೊಳೆದರೂ ಹೋಗದ ವಾಸನೆ. ಆದ್ದರಿಂದ ಒಡೆದು, ಸಾಲಾಗಿ ಪೇರಿಸಿ, ವಾಸನೆ ಅಡಗಲು ಮೇಲೆ ಸುಣ್ಣ ಚೆಲ್ಲುತ್ತಿದ್ದರು. ಚೂರುಗಳ ನಡುವೆ ಆ ಸುಣ್ಣದ ಪದರಗಳು ಈಗಲೂ ಕಾಣಸಿಗುತ್ತವೆ.

ನಮ್ಮ ಈ ಲೇಖನ ಆ ಕಮಟಿನ ಕುರಿತು. ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಕೆಡುವುದೇ ಕಮಟು. ಸುಮಾರು ಎರಡು ಸಾವಿರ ವರ್ಷಗಳ ನಂತರ ವಿಜ್ಞಾನಿಗಳು ಇಂಥದೇ ಕ್ರಿಯೆಯನ್ನು ಮನುಷ್ಯನ ರಕ್ತದಲ್ಲಿ, ಜೀವಕೋಶಗಳ ಪೊರೆಯಲ್ಲಿ ಕಂಡರು. ಎಣ್ಣೆಯನ್ನು ಜಾಡಿಯಲ್ಲಿ ಕಾಪಾಡುವ ವಸ್ತು ದೇಹದೊಳಗೆ ಜೀವಕೋಶವನ್ನೂ ಕಾಪಾಡಬಹುದೇ ಎಂಬ ಪ್ರಶ್ನೆ ಹುಟ್ಟಿದ್ದು ಅಲ್ಲಿಂದ. 'ಕಾಪಾಡಬಹುದು' ಎಂಬ ಉತ್ತರವೂ ಬಂತು. ಇಂದು ಬಾಟಲಿಗಳ ಮೇಲಿನ ಚೀಟಿಗಳು, ಆರೋಗ್ಯದ ಕರಪತ್ರಗಳು ಆ 'ಬಹುದು' ಎಂಬುದನ್ನು ಮೆಲ್ಲನೆ ಅಳಿಸಿ 'ಕಾಪಾಡುತ್ತದೆ' ಎಂದು ಬರೆಯುತ್ತಿವೆ. ಈ ಎರಡು ಪದಗಳ ನಡುವಿನ ಅಂತರ ಎಷ್ಟು ಎಂಬುದನ್ನು ಇತಿಹಾಸದ ಜಾಡು ಹಿಡಿದು ನೋಡೋಣ.

ಹಸಿರು ಕಾಯಿಯ ಎಣ್ಣೆ

ಆಲಿವ್ ಮರವನ್ನು ಮನುಷ್ಯ ಪಳಗಿಸಿದ್ದು ಮೆಡಿಟರೇನಿಯನ್ ಸಮುದ್ರದ ಪೂರ್ವ ದಡದಲ್ಲಿ, ಇಂದಿನ ಪ್ಯಾಲೆಸ್ತೀನ್, ಸಿರಿಯಾ, ಲೆಬನಾನ್‌ಗಳ ಸುತ್ತಮುತ್ತ, ಆರು ಸಾವಿರ ವರ್ಷಗಳಿಗೂ ಹಿಂದೆ. ಅದರ ಕಾಯಿಯನ್ನು ಮರದಿಂದ ಕಿತ್ತು ಹಾಗೆಯೇ ಬಾಯಿಗೆ ಹಾಕಿಕೊಂಡರೆ ನುಂಗಲಾಗದು. ಅಷ್ಟು ಕಹಿ. ವಾರಗಟ್ಟಲೆ ಉಪ್ಪು ನೀರಿನಲ್ಲಿ ನೆನೆಹಾಕಿದ ಮೇಲೆಯೇ ತಿನ್ನಲು ಯೋಗ್ಯ. ಈ ಕಹಿ ಮರದ ಸ್ವಂತ ರಕ್ಷಣೆಗೆಂದು ಇರುವುದು. ಕೀಟಗಳು, ರೋಗಾಣುಗಳು ಎಲೆಗೂ ಕಾಯಿಗೂ ಬಾಯಿ ಹಾಕದಂತೆ ತಡೆಯುವುದು ಅದರ ಕೆಲಸ.

ಕಾಯಿ ಬಲಿತು ಕಪ್ಪಾದಂತೆ ಕಹಿ ಇಳಿಯುತ್ತದೆ, ಎಣ್ಣೆಯ ಪ್ರಮಾಣ ಏರುತ್ತದೆ. ಹಾಗಾಗಿ ಹಸಿರಿರುವಾಗಲೇ ಕಿತ್ತವನಿಗೆ ಎಣ್ಣೆ ಕಡಿಮೆ, ಆದರೆ ಅದು ಒಗರು, ಕಹಿ, ಗಂಟಲಿಗೆ ಘಾಟು. ಪೂರ್ಣ ಹಣ್ಣಾಗಲು ಬಿಟ್ಟವನಿಗೆ ಎಣ್ಣೆ ಹೆಚ್ಚು, ರುಚಿ ಸಪ್ಪೆ. ರೋಮನ್ನರು ಮೊದಲನೆಯದಕ್ಕೇ ಹೆಚ್ಚು ಬೆಲೆ ಕೊಡುತ್ತಿದ್ದರು. ದ್ರಾಕ್ಷಾರಸ ಹಳೆಯದಾದಷ್ಟೂ ಮಾಗುತ್ತದೆ, ಎಣ್ಣೆ ಹಾಗಲ್ಲ, ವರ್ಷ ಕಳೆದರೆ ಅದು ಮುದಿಯಾದಂತೆ ಎಂಬ ಅರ್ಥದ ಮಾತನ್ನು ಕ್ರಿ.ಶ. ಒಂದನೇ ಶತಮಾನದ ಪ್ಲೀನಿ ಬರೆದಿದ್ದಾನೆ. ಅದೇ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡಿಸ್ ಬಲಿಯದ ಕಾಯಿಯಿಂದ ತೆಗೆದ ಎಣ್ಣೆಯೇ ಆರೋಗ್ಯಕ್ಕೆ ಉತ್ತಮ ಎಂದು ತೀರ್ಪು ಕೊಟ್ಟ. ಅದಕ್ಕೆ ಗ್ರೀಕರು 'ಓಂಫಾಕಿನ್' ಎನ್ನುತ್ತಿದ್ದರು.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಕಾಯಿಯನ್ನು ಅರೆದು ಹಿಂಡಿದಾಗ ಎಣ್ಣೆಯ ಜತೆಗೆ ಕಪ್ಪು ಬಣ್ಣದ ಕಹಿ ನೀರೂ ಇಳಿಯುತ್ತದೆ. ರೋಮನ್ನರು ಅದನ್ನು 'ಅಮುರ್ಕಾ' ಎಂದು ಕರೆದರು. ಕ್ರಿ.ಪೂ. ಎರಡನೇ ಶತಮಾನದಲ್ಲಿ ಬೇಸಾಯದ ಬಗ್ಗೆ ಪುಸ್ತಕ ಬರೆದ ಕೇಟೊ ಈ ಕೊಳಕು ನೀರಿನ ಉಪಯೋಗಗಳನ್ನು ಪಟ್ಟಿ ಮಾಡುತ್ತಾ ಹೋಗುತ್ತಾನೆ. ಕಣದ ನೆಲಕ್ಕೆ ಬಳಿದರೆ ಇರುವೆ ಬರುವುದಿಲ್ಲ, ಕಣಜದ ಗೋಡೆಗೆ ಬಳಿದರೆ ಹುಳು ಹಿಡಿಯುವುದಿಲ್ಲ, ಬಟ್ಟೆಯ ಪೆಟ್ಟಿಗೆಗೆ ಬಳಿದರೆ ನುಸಿ ಬೀಳುವುದಿಲ್ಲ. ಆಲಿವ್ ಕಾಯಿಯ ಕಹಿ ವಸ್ತುಗಳು ಎಣ್ಣೆಗಿಂತ ನೀರಿನಲ್ಲೇ ಹೆಚ್ಚು ಕರಗುತ್ತವೆ. ಅವುಗಳಲ್ಲಿ ನೂರರಲ್ಲಿ ಒಂದೆರಡು ಪಾಲು ಮಾತ್ರ ಎಣ್ಣೆಗೆ ಬರುತ್ತದೆ. ಉಳಿದದ್ದೆಲ್ಲ ಕಪ್ಪು ನೀರಿಗೆ ಮತ್ತು ಹಿಂಡಿಗೆ. ಈ ಕಪ್ಪು ನೀರು ಕಥೆಯ ಕೊನೆಯಲ್ಲಿ ಮತ್ತೆ ಬರಲಿದೆ.

ಬಗ್ದಾದ್, ಕುರ್ತುಬ

ಡಯಾಸ್ಕೊರಿಡಿಸ್‌ನ ಗ್ರಂಥ 9ನೇ ಶತಮಾನದಲ್ಲಿ ಬಗ್ದಾದಿನಲ್ಲಿ ಅರಬಿಗೆ ಬಂತು. ಅನುವಾದಿಸಿದವನು ಇಸ್ತಿಫಾನ್ ಇಬ್ನ್ ಬಾಸಿಲ್, ಪರಿಷ್ಕರಿಸಿದವನು ಹುನೈನ್ ಇಬ್ನ್ ಇಸ್‌ಹಾಕ್. ಇಬ್ಬರೂ ಕ್ರೈಸ್ತರು. ಗ್ರೀಕ್ ಹೆಸರಿಗೆ ಅರಬಿ ಸಮಾನಪದ ಗೊತ್ತಿಲ್ಲದ ಕಡೆಗಳಲ್ಲಿ ಅವರು ಗ್ರೀಕ್ ಹೆಸರನ್ನೇ ಅರಬಿ ಲಿಪಿಯಲ್ಲಿ ಉಳಿಸಿದರು. ಮುಂದೆ 10ನೇ ಶತಮಾನದ ನಡುವಿನಲ್ಲಿ ಬೈಝಾಂಟಿಯನ್ ಚಕ್ರವರ್ತಿ ಕುರ್ತುಬದ, ಅಂದರೆ ಕಾರ್ಡೋಬಾದ ಖಲೀಫ ಮೂರನೇ ಅಬ್ದುರ‍್ರಹ್ಮಾನರಿಗೆ ಅದೇ ಗ್ರಂಥದ ಸಚಿತ್ರ ಗ್ರೀಕ್ ಪ್ರತಿಯನ್ನು ಉಡುಗೊರೆಯಾಗಿ ಕಳುಹಿಸಿದ. ಅದನ್ನು ಓದಬಲ್ಲವರು ಕುರ್ತುಬದಲ್ಲಿ ಯಾರೂ ಇರಲಿಲ್ಲ! 951ರಲ್ಲಿ ನಿಕೊಲಸ್ ಎಂಬ ಸನ್ಯಾಸಿಯನ್ನು ಕಾನ್‌ಸ್ಟಾಂಟಿನೋಪಲ್‌ನಿಂದ ಕಳುಹಿಸಲಾಯಿತು. ಯಹೂದಿ ವೈದ್ಯ ಹಸ್ದಾಯ್ ಇಬ್ನ್ ಶಪ್ರೂತ್ ಮತ್ತು ಮುಸ್ಲಿಮ್ ವೈದ್ಯರು ಆ ಕ್ರೈಸ್ತ ಸನ್ಯಾಸಿಯ ಜತೆ ಕುಳಿತು ಒಂದೊಂದು ಗಿಡದ ಹೆಸರನ್ನೂ ಗುರುತಿಸಿದರು.

ಈ ದಾರಿಯಲ್ಲಿ ಗ್ರೀಕರ 'ಓಂಫಾಕಿನ್' ಎಣ್ಣೆ ಅರಬಿಯ 'ಝೈತುಲ್ ಅನ್ಫಾಕ್' ಆಯಿತು. ಹಸಿ ಕಾಯಿಯಿಂದ ಹಿಂಡಿದ ಎಣ್ಣೆಗೆ ಇಬ್ನ್ ಸೀನಾ ಬಳಸಿದ ಹೆಸರೂ ಅದೇ. ಮಾಲಗದಲ್ಲಿ ಹುಟ್ಟಿ 1248ರಲ್ಲಿ ಡಮಾಸ್ಕಸ್‌ನಲ್ಲಿ ತೀರಿಕೊಂಡ ಇಬ್ನುಲ್ ಬೈತಾರ್ ತನ್ನ ಮಹಾಕೋಶದಲ್ಲಿ ಸುಮಾರು 1,400 ಔಷಧ ವಸ್ತುಗಳನ್ನು ವಿವರಿಸಿದ. ಸೆವಿಲ್ಲೆಯ ಇಬ್ನುಲ್ ಅವ್ವಾಮ್ 12ನೇ ಶತಮಾನದಲ್ಲಿ ಬರೆದ ಕೃಷಿ ಗ್ರಂಥದಲ್ಲಿ ಝೈತೂನಿನ ಬೇಸಾಯಕ್ಕೆ ವಿಶೇಷ ಸ್ಥಾನವಿದೆ. ಸ್ಪೇನಿನ ಭಾಷೆಯಲ್ಲಿ ಎಣ್ಣೆಗೆ 'ಅಸೇಯ್ತೆ', ಆಲಿವ್ ಕಾಯಿಗೆ 'ಅಸೇಯ್ತೂನಾ', ಎಣ್ಣೆಯ ಗಾಣಕ್ಕೆ 'ಅಲ್ಮಸಾರಾ' ಎನ್ನುತ್ತಾರೆ. ಮೂರೂ ಅರಬಿಯ ಅಝ್ಝೈತ್, ಅಝ್ಝೈತೂನ, ಅಲ್ ಮಅ್‌ಸರ. ಮರವಂತೂ ಅರಬರಿಗಿಂತ ಮೊದಲೇ ಅಲ್ಲಿತ್ತು. ಆದರೆ ಗಾಣದ ಮಾತು ಮಾತ್ರ ಅರಬರದಾಗಿ ಉಳಿಯಿತು.

ಪವಿತ್ರ ಕುರ್‌ಆನಿನಲ್ಲಿ ಝೈತೂನಿನ ಪ್ರಸ್ತಾಪ ಹಲವೆಡೆ ಬರುವುದು ಓದುಗರಿಗೆ ಗೊತ್ತೇ ಇದೆ. ಒಂದು ಅಧ್ಯಾಯ ಅಂಜೂರ ಮತ್ತು ಝೈತೂನಿನ ಮೇಲಿನ ಆಣೆಯಿಂದಲೇ ಆರಂಭವಾಗುತ್ತದೆ. ಇದನ್ನು ಹಿಡಿದುಕೊಂಡು, ಪ್ರಯೋಗಾಲಯದ ಯಾವುದೋ ಒಂದು ವರದಿಯನ್ನು ಪಕ್ಕದಲ್ಲಿಟ್ಟು, ವಿಜ್ಞಾನ ಈಗ ಧರ್ಮವನ್ನು ಸಾಬೀತು ಮಾಡಿತೆಂದು ಸಾರುವ ಬರಹಗಳು ಈಗ ಹೇರಳವಾಗಿವೆ. ನನಗೆ ಈ ಉತ್ಸಾಹ ಅಷ್ಟಾಗಿ ಒಪ್ಪಿಗೆಯಾಗುವುದಿಲ್ಲ. ಪ್ರಯೋಗಾಲಯದ ವರದಿ ಮುಂದಿನ ವರ್ಷ ಬದಲಾಗಬಹುದು. ಬದಲಾಗುವುದೇ ಅದರ ಗುಣ. ಅಂತಹುದಕ್ಕೆ ಶ್ರದ್ಧೆಯನ್ನು ಕಟ್ಟಿಹಾಕಿದರೆ ನಷ್ಟ ಯಾರಿಗೆ? ಆ ಹಳೆಯ ವೈದ್ಯರ ಹಿರಿಮೆ ಬೇರೆ ಕಡೆ ಇದೆ. ಉತ್ಕರ್ಷಣ, ಆ್ಯಂಟಿ ಆಕ್ಸಿಡೆಂಟ್ ಮುಂತಾದ ಮಾತುಗಳು ಅವರಿಗೆ ಗೊತ್ತಿರಲಿಲ್ಲ. ಆದರೂ ಕಹಿ ಎಣ್ಣೆಯನ್ನೂ ಸಪ್ಪೆ ಎಣ್ಣೆಯನ್ನೂ ಅವರು ಬೇರೆ ಬೇರೆಯಾಗಿ ಕಂಡರು, ಬೇರೆ ಬೇರೆ ಹೆಸರು ಕೊಟ್ಟರು. ಇಂದಿನ ನಮ್ಮ ಅಂಗಡಿಗಳು ಮರೆತಿರುವುದು ಇದನ್ನೇ.

ಕಮಟಿನ ರಸಾಯನ

19ನೇ ಶತಮಾನದ ಆರಂಭದಲ್ಲಿ ಸ್ವಿಸ್ ವಿಜ್ಞಾನಿ ನಿಕೊಲಸ್ ದ ಸೊಸ್ಯೂರ್ ಒಂದು ಸರಳ ಪ್ರಯೋಗ ಮಾಡಿದ. ನೀರಿನ ಮೇಲೆ ಆಕ್ರೋಟಿನ ಎಣ್ಣೆಯ ತೆಳು ಪದರ ಹರಡಿ, ಅದು ಎಷ್ಟು ಆಮ್ಲಜನಕವನ್ನು ಹೀರುತ್ತದೆ ಎಂದು ಅಳೆದ. ತಿಂಗಳುಗಟ್ಟಲೆ ಎಣ್ಣೆ ಬಹಳ ಕಡಿಮೆ ಹೀರಿತು. ಆಮೇಲೆ ಇದ್ದಕ್ಕಿದ್ದಂತೆ ಕೆಲವೇ ದಿನಗಳಲ್ಲಿ ತನ್ನ ಗಾತ್ರದ ಹಲವು ಪಟ್ಟು ಹೀರಿಬಿಟ್ಟಿತು. ಮೊದಲು ತಡೆ, ನಂತರ ನುಗ್ಗು. ನಮ್ಮ ಅಡುಗೆ ಮನೆಯ ಅನುಭವವೂ ಇದೇ ಅಲ್ಲವೇ? ಎಣ್ಣೆ ದಿನದಿನಕ್ಕೆ ಒಂದಿಷ್ಟೊಂದಿಷ್ಟೇ ಕೆಡುವುದಿಲ್ಲ. ಬಹಳ ದಿನ ಚೆನ್ನಾಗಿಯೇ ಇದ್ದು ಆಮೇಲೆ ಬೇಗ ಕೆಡುತ್ತದೆ. ಆ ಮೊದಲ ತಡೆಯ ಅವಧಿಯಲ್ಲಿ ಎಣ್ಣೆಯೊಳಗಿನ ಏನೋ ಒಂದು ಸವೆಯುತ್ತಿರುತ್ತದೆ.

ಆ 'ಏನೋ ಒಂದು' ಏನೆಂಬುದಕ್ಕೆ ನೂರು ವರ್ಷ ಕಾಯಬೇಕಾಯಿತು. ಒಂದನೇ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಚಾರ್ಲ್ಸ್ ಮೂರೂ ಮತ್ತು ಚಾರ್ಲ್ಸ್ ದ್ಯುಫ್ರೆಸ್ ಅಕ್ರೊಲಿನ್ ಎಂಬ ವಿಷವಸ್ತು ಗಾಳಿಗೆ ಕೆಡದಂತೆ ಉಳಿಸುವ ಉಪಾಯ ಹುಡುಕುತ್ತಿದ್ದರು. ಉದ್ದೇಶ ಯುದ್ಧದ್ದು. ಹೈಡ್ರೊಕ್ವಿನೋನ್‌ನಂತಹ ಫೀನಾಲ್ ವಸ್ತುಗಳನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿದರೆ ಅದು ಕೆಡುವುದಿಲ್ಲವೆಂದು ತಿಳಿಯಿತು. 1922ರಲ್ಲಿ ಅವರು ಇಂತಹ ವಸ್ತುಗಳ ಒಂದು ವರ್ಗವನ್ನೇ ಗುರುತಿಸಿದರು. ನಾವಿಂದು ಆ್ಯಂಟಿ ಆಕ್ಸಿಡೆಂಟ್, ಕನ್ನಡದಲ್ಲಿ ಉತ್ಕರ್ಷಣ ನಿರೋಧಕ ಎನ್ನುವುದು ಇವನ್ನೇ. ಮೊದಲು ಇವುಗಳ ಕೆಲಸವೆಲ್ಲ ರಬ್ಬರ್, ಪೆಟ್ರೋಲ್, ಖಾದ್ಯ ತೈಲಗಳನ್ನು ಕೆಡದಂತೆ ಇಡುವುದಷ್ಟೇ ಆಗಿತ್ತು. ಇದಕ್ಕೂ ಮುಂಚೆ, 1908ರಲ್ಲೇ, ಫ್ರಾನ್ಸಿನಲ್ಲಿ ಬೂರ್ಕೆಲೊ ಮತ್ತು ವಿಂತಿಲೆಸ್ಕೊ ಎಂಬ ಇಬ್ಬರು ಆಲಿವಿನ ಕಹಿ ವಸ್ತುವನ್ನು ಬೇರ್ಪಡಿಸಿ 'ಒಲ್ಯೂರೊಪೀನ್' ಎಂದು ಹೆಸರಿಟ್ಟಿದ್ದರು. ಅದೂ ಫೀನಾಲ್ ವರ್ಗದ್ದೇ. ಆದರೆ ಇವೆರಡನ್ನು ಜೋಡಿಸಿ ನೋಡಲು ಇನ್ನೂ ಹಲವು ದಶಕ ಬೇಕಾಯಿತು.

ಉಸಿರೇ ವಿಷವಾದಾಗ

1940ರ ದಶಕದಲ್ಲಿ ಶ್ರೀಮಂತ ದೇಶಗಳ ಒಳ್ಳೊಳ್ಳೆಯ ಆಸ್ಪತ್ರೆಗಳಲ್ಲಿ ಒಂದು ವಿಚಿತ್ರ ಕುರುಡು ಕಾಣಿಸಿಕೊಂಡಿತು. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳು ಬದುಕುಳಿಯುತ್ತಿದ್ದವು, ಆದರೆ ಕಣ್ಣು ಕಳೆದುಕೊಳ್ಳುತ್ತಿದ್ದವು. ಬಡ ಆಸ್ಪತ್ರೆಗಳಲ್ಲಿ ಈ ಕಾಯಿಲೆ ಅಷ್ಟಾಗಿ ಇರಲಿಲ್ಲ. 1951ರಲ್ಲಿ ಮೆಲ್ಬೋರ್ನಿನ ವೈದ್ಯೆ ಕೇಟ್ ಕ್ಯಾಂಪ್‌ಬೆಲ್ ಕೂಸುಗಳಿಗೆ ಧಾರಾಳವಾಗಿ ಕೊಡುತ್ತಿದ್ದ ಆಮ್ಲಜನಕವೇ ಕಾರಣವಿರಬಹುದೆಂದರು. ಅಮೆರಿಕದಲ್ಲಿ ನಡೆದ ದೊಡ್ಡ ಪರೀಕ್ಷೆ 1954ರ ಹೊತ್ತಿಗೆ ಅದನ್ನು ಖಚಿತಪಡಿಸಿತು. ಅಷ್ಟರಲ್ಲಿ ಸುಮಾರು 10,000 ಮಕ್ಕಳು ಕುರುಡಾಗಿದ್ದರು.

ಅದೇ 1954ರಲ್ಲಿ ಅರ್ಜೆಂಟೀನಾ ಮೂಲದ ರೆಬೆಕಾ ಗೆರ್ಷ್‌ಮನ್ ಮತ್ತು ಸಂಗಡಿಗರು ಒಂದು ಪ್ರಬಂಧ ಪ್ರಕಟಿಸಿದರು. ಹೆಚ್ಚಾದ ಆಮ್ಲಜನಕ ದೇಹಕ್ಕೆ ಮಾಡುವ ಹಾನಿ ಮತ್ತು ಎಕ್ಸ್‌-ರೇ ವಿಕಿರಣ ಮಾಡುವ ಹಾನಿ ಎರಡರ ಬಗೆಯೂ ಒಂದೇ, ಎರಡರಲ್ಲೂ ಹಾನಿ ಮಾಡುವುದು 'ಫ್ರೀ ರ‍್ಯಾಡಿಕಲ್'ಗಳು ಎಂಬುದು ಅದರ ಸಾರ. ಎರಡು ವರ್ಷದ ನಂತರ ಅಮೆರಿಕದ ಡೆನ್‌ಹಮ್ ಹಾರ್ಮನ್ ಇನ್ನೂ ಮುಂದೆ ಹೋಗಿ, ಮುಪ್ಪಿಗೂ ಇದೇ ಕಾರಣ ಎಂದ. ವೈದ್ಯನಾಗುವ ಮೊದಲು ಅವನು ಪೆಟ್ರೋಲಿಯಂ ಕಂಪೆನಿಯೊಂದರಲ್ಲಿ ರಸಾಯನಶಾಸ್ತ್ರಜ್ಞನಾಗಿದ್ದವನು ಎಂಬುದು ಗಮನಾರ್ಹ. ತೈಲದ ಕೆಡುಕನ್ನು ಕಂಡ ಕಣ್ಣಿಂದಲೇ ಅವನು ದೇಹವನ್ನು ನೋಡಿದ. ಹೆಚ್ಚಿನ ಜೀವವಿಜ್ಞಾನಿಗಳು ಆಗ ನಂಬಲಿಲ್ಲ. 1969ರಲ್ಲಿ ಮ್ಯಾಕಾರ್ಡ್ ಮತ್ತು ಫ್ರಿಡೊವಿಚ್ ನಮ್ಮ ಜೀವಕೋಶಗಳಲ್ಲಿ ಇಂತಹ ರ‍್ಯಾಡಿಕಲ್‌ಗಳನ್ನು ನಿವಾರಿಸಲೆಂದೇ ಇರುವ ಕಿಣ್ವವೊಂದನ್ನು ತೋರಿಸಿದ ಮೇಲೆ ಸಂಶಯ ಹೋಯಿತು. ಕಳ್ಳನಿಲ್ಲದ ಊರಿನಲ್ಲಿ ಕಾವಲುಗಾರನಿಗೆ ಏನು ಕೆಲಸ?

ಒಳಗೆ ನಡೆಯುವುದೇನು? ಪರಮಾಣುಗಳಲ್ಲಿ ಎಲೆಕ್ಟ್ರಾನುಗಳು ಸಾಮಾನ್ಯವಾಗಿ ಜೋಡಿಯಾಗಿರುತ್ತವೆ. ಜೋಡಿ ತಪ್ಪಿದ ಎಲೆಕ್ಟ್ರಾನ್ ಇರುವ ಕಣವೇ ಫ್ರೀ ರ‍್ಯಾಡಿಕಲ್. ಅದು ಪಕ್ಕದ ಅಣುವಿನಿಂದ ಒಂದನ್ನು ಕಿತ್ತುಕೊಳ್ಳುತ್ತದೆ. ಕಳೆದುಕೊಂಡ ಅಣು ತನ್ನ ಪಕ್ಕದ್ದಕ್ಕೆ ಕೈಹಾಕುತ್ತದೆ. ಜಾತ್ರೆಯಲ್ಲಿ ಜೇಬು ಕಳೆದುಕೊಂಡವನೇ ಪಕ್ಕದವನ ಜೇಬಿಗೆ ಕೈಹಾಕುತ್ತಾ ಹೋದಂತೆ ಇದು ಮುಂದುವರಿಯುತ್ತದೆ. ಜೀವಕೋಶದ ಪೊರೆ ಬಹುಪಾಲು ಕೊಬ್ಬಿನದು. ಅದರಲ್ಲಿ ದ್ವಿಬಂಧಗಳು ಹೆಚ್ಚಿರುವ ಕೊಬ್ಬುಗಳೇ ಮೊದಲು ಬಲಿಯಾಗುವುದು. ಜಾಡಿಯ ಎಣ್ಣೆಗೆ ಆದ ಗತಿಯೇ ಪೊರೆಗೂ ಆಗುತ್ತದೆ. ಸಾಲುಗಳ್ಳತನ ನಿಲ್ಲಬೇಕಾದರೆ ತಾನು ಕಳೆದುಕೊಂಡರೂ ಇನ್ನೊಬ್ಬನ ಜೇಬಿಗೆ ಕೈಹಾಕದ ಒಬ್ಬ ಸಂಭಾವಿತ ನಡುವೆ ಬರಬೇಕು. ಆ್ಯಂಟಿ ಆಕ್ಸಿಡೆಂಟ್ ಎಂದರೆ ಅಂತಹ ಅಣು. ಪೊರೆಯೊಳಗೆ ಇ ಜೀವಸತ್ವ ಈ ಕೆಲಸ ಮಾಡುತ್ತದೆ.

ಆಲಿವ್ ಎಣ್ಣೆಯಲ್ಲಿ ಎರಡು ಗುಣ ಸೇರಿವೆ. ಅದರ ಕೊಬ್ಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಓಲಿಯಿಕ್ ಆಮ್ಲ. ಅದಕ್ಕೆ ಇರುವುದು ಒಂದೇ ದ್ವಿಬಂಧ, ಆದ್ದರಿಂದ ಸುಲಭಕ್ಕೆ ಕೆಡದು. ಇದರ ಜತೆಗೆ ಒಲ್ಯೂರೊಪೀನ್ ಒಡೆದು ಬರುವ ಹೈಡ್ರಾಕ್ಸಿಟೈರೊಸಾಲ್ ಮುಂತಾದ ಫೀನಾಲ್‌ಗಳು ಅಲ್ಪ ಪ್ರಮಾಣದಲ್ಲಿ ಇರುತ್ತವೆ.

ಕ್ರೀಟ್ ದ್ವೀಪದ ರೈತರು

1958ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಏಳು ದೇಶಗಳಲ್ಲಿ ದೊಡ್ಡ ಅಧ್ಯಯನ ಆರಂಭಿಸಿದ. 40ರಿಂದ 59 ವರ್ಷದ ಸುಮಾರು 12,700 ಗಂಡಸರು ಅದರಲ್ಲಿದ್ದರು. ಹೃದಯಾಘಾತದ ಸಾವು ಪೂರ್ವ ಫಿನ್ಲೆಂಡಿನಲ್ಲಿ ಅತಿ ಹೆಚ್ಚು, ಗ್ರೀಸಿನ ಕ್ರೀಟ್ ದ್ವೀಪದಲ್ಲಿ ಅತಿ ಕಡಿಮೆ. ಕ್ರೀಟಿನವರು ಕೊಬ್ಬು ಕಡಿಮೆ ತಿನ್ನುತ್ತಿದ್ದರೇ? ಇಲ್ಲ, ಅವರೂ ಧಾರಾಳವಾಗಿಯೇ ತಿನ್ನುತ್ತಿದ್ದರು. ಆದರೆ ಹೆಚ್ಚಿನದೆಲ್ಲ ಆಲಿವ್ ಎಣ್ಣೆ. ಅವರು ದಿನವಿಡೀ ಹೊಲದಲ್ಲಿ ದುಡಿಯುವ, ಮೈಲಿಗಟ್ಟಲೆ ನಡೆಯುವ, ಮಾಂಸ ಅಪರೂಪಕ್ಕೆ ತಿನ್ನುವ, ಚರ್ಚಿನ ಉಪವಾಸಗಳನ್ನು ಪಾಲಿಸುವ ಜನರೂ ಆಗಿದ್ದರು. ಎಣ್ಣೆಯ ಪಾಲು ಎಷ್ಟು, ದುಡಿಮೆಯ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದು ಇಂತಹ ಅಧ್ಯಯನಕ್ಕೆ ಸಾಧ್ಯವಿಲ್ಲ. ಕೀಸ್ ಕೂಡ ಆ್ಯಂಟಿ ಆಕ್ಸಿಡೆಂಟ್ ಬಗ್ಗೆ ಮಾತಾಡಿದವನಲ್ಲ. ಅವನ ಗಮನವೆಲ್ಲ ಬೆಣ್ಣೆ, ಮಾಂಸಗಳ ಪರ್ಯಾಪ್ತ ಕೊಬ್ಬಿನ ಮೇಲಿತ್ತು.

1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಡೇನಿಯಲ್ ಸ್ಟೈನ್‌ಬರ್ಗ್ ಮತ್ತಿತರರು ಹೊಸ ಕೊಂಡಿಯೊಂದನ್ನು ಕೊಟ್ಟರು. ರಕ್ತದಲ್ಲಿ ಕೊಲೆಸ್ಟರಾಲ್ ಹೊತ್ತು ತಿರುಗುವ ಎಲ್‌ಡಿಎಲ್ ಕಣಗಳು ರಕ್ತನಾಳದ ಗೋಡೆಯಲ್ಲಿ ಉತ್ಕರ್ಷಣಕ್ಕೆ ಒಳಗಾದಾಗ, ನಮ್ಮ ಮಾತಿನಲ್ಲಿ ಕಮಟಾದಾಗ, ಹೆಚ್ಚು ಅಪಾಯಕಾರಿಯಾಗುತ್ತವೆ ಎಂಬ ವಾದವದು. ಎಣ್ಣೆಯ ಕಮಟನ್ನು ತಡೆಯುವ ಫೀನಾಲ್ ಈ ಕಮಟನ್ನೂ ತಡೆಯಬಹುದಲ್ಲ! 1994ರಲ್ಲಿ ಮಿಲಾನಿನ ಫ್ರಾಂಚೆಸ್ಕೊ ವಿಸಿಯೋಲಿ ಮತ್ತು ಕ್ಲಾಡಿಯೊ ಗಲ್ಲಿ ಗಾಜಿನ ನಳಿಗೆಯಲ್ಲಿ ಅದನ್ನು ತೋರಿಸಿದರು. 1997ರಲ್ಲಿ ನೇಪಲ್ಸಿನ ಕ್ಯಾತೆರಿನಾ ಮನ್ನಾ ಮತ್ತು ಸಂಗಡಿಗರು ಕರುಳಿನ ಜೀವಕೋಶಗಳ ಮೇಲೆ, 1999ರಲ್ಲಿ ಮನುಷ್ಯನ ಕೆಂಪು ರಕ್ತಕಣಗಳ ಮೇಲೆ ಹೈಡ್ರಾಕ್ಸಿಟೈರೊಸಾಲ್ ಪರೀಕ್ಷಿಸಿದರು. ಕೆಂಪು ರಕ್ತಕಣ ಇಂತಹ ಪರೀಕ್ಷೆಗೆ ಹೇಳಿ ಮಾಡಿಸಿದಂತಿದೆ. ಅದು ಹೊರುವುದೇ ಆಮ್ಲಜನಕ, ಒಳಗೆ ತುಂಬಿರುವುದು ಕಬ್ಬಿಣ, ಕೋಶಕೇಂದ್ರ ಇಲ್ಲದ್ದರಿಂದ ಹೊಸ ಪ್ರೋಟೀನ್ ಮಾಡಿಕೊಂಡು ದುರಸ್ತಿಯಾಗುವ ಶಕ್ತಿಯೂ ಇಲ್ಲ. ಹೈಡ್ರೋಜನ್ ಪೆರಾಕ್ಸೈಡ್ ಹಾಕಿದಾಗ ಬರಿಯ ಕಣಗಳು ಒಡೆದವು. ಮೊದಲೇ ಹೈಡ್ರಾಕ್ಸಿಟೈರೊಸಾಲ್ ಸೇರಿಸಿದ್ದಲ್ಲಿ ಹಾನಿ ಕಡಿಮೆಯಾಯಿತು. ಮುಂದೆ 2009ರಲ್ಲಿ ಪೋರ್ಚುಗಲ್‌ನ ಪೋರ್ಟೊದಲ್ಲಿ ಫಾತಿಮಾ ಪೈವಾ ಮಾರ್ಟಿನ್ಸ್ ತಂಡ ಆಲಿವ್ ಎಣ್ಣೆಯ ಬೇರೆ ಬೇರೆ ಫೀನಾಲ್‌ಗಳನ್ನು ಹೋಲಿಸಿ ಒಲ್ಯೂರೊಪೀನ್‌ನಿಂದ ಹುಟ್ಟುವ ಇನ್ನೊಂದು ವಸ್ತು ರಕ್ತಕಣಗಳನ್ನು ಇನ್ನೂ ಚೆನ್ನಾಗಿ ಕಾಪಾಡುತ್ತದೆ ಎಂದಿತು.

ಪತ್ರಿಕೆಗಳಲ್ಲಿ ಸುದ್ದಿಯಾಗುವುದು ಇಷ್ಟು. ಸುದ್ದಿಯಾಗದ ಭಾಗ ಇದಕ್ಕಿಂತ ಮುಖ್ಯವಾದದ್ದು.

'ಬಹುದು' ಎಂಬುದರ ತೂಕ

ಪ್ರಯೋಗಾಲಯದಲ್ಲಿ ಜೀವಕೋಶಗಳಿಗೆ ಉಣಿಸಿದ ಹೈಡ್ರಾಕ್ಸಿಟೈರೊಸಾಲ್‌ನ ಪ್ರಮಾಣ ಎಣ್ಣೆ ತಿಂದವನ ರಕ್ತದಲ್ಲಿ ಇರುವುದಕ್ಕಿಂತ ಬಹಳ ಹೆಚ್ಚು. ತಿಂದದ್ದು ಕರುಳಿನಲ್ಲಿ ಹೀರಲ್ಪಡುತ್ತದೆ ನಿಜ. ಆದರೆ ಕರುಳು ಮತ್ತು ಯಕೃತ್ತು ಅದನ್ನು ಕೂಡಲೇ ಬೇರೆ ರೂಪಕ್ಕೆ ತಿರುಗಿಸುತ್ತವೆ, ಮೂತ್ರದಲ್ಲಿ ಹೊರಹಾಕುತ್ತವೆ. ಈ ಶಾಸ್ತ್ರದ ಹಿರಿಯ ಬ್ಯಾರಿ ಹ್ಯಾಲಿವೆಲ್ ಇನ್ನೊಂದು ಎಚ್ಚರಿಕೆ ಕೊಟ್ಟ. ಜೀವಕೋಶಗಳನ್ನು ಬೆಳೆಸುವ ದ್ರವದಲ್ಲಿ ಕೆಲವು ಫೀನಾಲ್‌ಗಳು ತಾವೇ ಉತ್ಕರ್ಷಣಗೊಂಡು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತವೆ. ಹಾಗಾಗಿ ಅಲ್ಲಿ ಕಂಡ ಪರಿಣಾಮ ಕೆಲವೊಮ್ಮೆ ದ್ರವದ್ದೇ ಹೊರತು ದೇಹದ್ದಲ್ಲ.

ಗಾಜಿನ ನಳಿಗೆಯನ್ನು ನಂಬಿ ನೇರ ಮಾತ್ರೆಗೆ ಹಾರಿದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಬೇಕಿದ್ದರೆ ಫಿನ್ಲೆಂಡಿದೆ. ಅಲ್ಲಿ 29,133 ಮಂದಿ ಧೂಮಪಾನಿ ಗಂಡಸರ ಮೇಲೆ ನಡೆದ ಪರೀಕ್ಷೆಯಲ್ಲಿ ಕೆಲವರಿಗೆ ಬೀಟಾ ಕ್ಯಾರೊಟಿನ್ ಎಂಬ ಆ್ಯಂಟಿ ಆಕ್ಸಿಡೆಂಟ್ ಮಾತ್ರೆ ಕೊಡಲಾಯಿತು. ಕ್ಯಾನ್ಸರ್ ಕಡಿಮೆಯಾಗಬೇಕಿತ್ತು. 1994ರಲ್ಲಿ ಫಲಿತಾಂಶ ಬಂದಾಗ, ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ ನಡೆಯುತ್ತಿದ್ದ ಇಂತಹದೇ ಪರೀಕ್ಷೆಯನ್ನು 1996ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಹೃದ್ರೋಗಿಗಳಿಗೆ ಕೊಟ್ಟ ಇ ಜೀವಸತ್ವದ ಮಾತ್ರೆಗಳೂ ಪ್ರಯೋಜನಕ್ಕೆ ಬರಲಿಲ್ಲ. ಫ್ರೀ ರ‍್ಯಾಡಿಕಲ್‌ಗಳು ಬರಿಯ ಶತ್ರುಗಳಲ್ಲ. ನಮ್ಮ ಬಿಳಿ ರಕ್ತಕಣಗಳು ರೋಗಾಣುಗಳನ್ನು ಕೊಲ್ಲುವುದೂ ಅವುಗಳಿಂದಲೇ.

ಆಲಿವ್ ಎಣ್ಣೆಯ ವಿಷಯದಲ್ಲಿ ಮನುಷ್ಯರ ಮೇಲೆ ನಡೆದ ಅಚ್ಚುಕಟ್ಟಾದ ಪರೀಕ್ಷೆ 'ಯೂರೊಲಿವ್'. ಬಾರ್ಸಿಲೋನಾದ ಮರಿಯಾ ಇಸಬೆಲ್ ಕೋವಾಸ್ ತಂಡ 2006ರಲ್ಲಿ ಅದನ್ನು ಪ್ರಕಟಿಸಿತು. ಯುರೋಪಿನ ಐದು ದೇಶಗಳ 200 ಆರೋಗ್ಯವಂತ ಗಂಡಸರು ದಿನಕ್ಕೆ 25 ಮಿಲಿಲೀಟರ್‌ನಂತೆ ಮೂರು ಬಗೆಯ ಆಲಿವ್ ಎಣ್ಣೆಯನ್ನು ಮೂರು ಮೂರು ವಾರ ಸೇವಿಸಿದರು. ಮೂರರಲ್ಲೂ ಕೊಬ್ಬು ಹೆಚ್ಚುಕಡಿಮೆ ಒಂದೇ, ಫೀನಾಲ್ ಮಾತ್ರ ಬೇರೆ. ಒಂದರಲ್ಲಿ ಕಿಲೊಗೆ ಮೂರು ಮಿಲಿಗ್ರಾಂ ಕೂಡ ಇಲ್ಲ, ಇನ್ನೊಂದರಲ್ಲಿ 164, ಮತ್ತೊಂದರಲ್ಲಿ 366. ಫೀನಾಲ್ ಹೆಚ್ಚಿದಂತೆ ರಕ್ತದಲ್ಲಿ ಕಮಟಾದ ಎಲ್‌ಡಿಎಲ್ ಕಡಿಮೆಯಾಯಿತು. ಆದರೆ ಅದೇ ಅಧ್ಯಯನದ ಭಾಗವಾಗಿ 2007ರಲ್ಲಿ ಬಂದ ಇನ್ನೊಂದು ವರದಿ ಸ್ವಾರಸ್ಯಕರವಾಗಿದೆ. ಡಿಎನ್‌ಎಗೆ ಆಗುವ ಉತ್ಕರ್ಷಣ ಹಾನಿಯ ಗುರುತು ಮೂತ್ರದಲ್ಲಿ ಶೇ. 13ರಷ್ಟು ಇಳಿಯಿತು. ಆದರೆ ಫೀನಾಲ್ ಹೆಚ್ಚಿದ್ದರೂ ಅಷ್ಟೇ, ಕಡಿಮೆ ಇದ್ದರೂ ಅಷ್ಟೇ. ಅಂದರೆ ಅಲ್ಲಿ ಯಶಸ್ಸು ಕಹಿ ವಸ್ತುವಿನದಲ್ಲ.

ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2011ರಲ್ಲಿ ಎಲ್ಲ ಪುರಾವೆಗಳನ್ನು ಮುಂದಿಟ್ಟುಕೊಂಡು ಕುಳಿತಾಗ ಒಪ್ಪಿಕೊಂಡದ್ದು ಒಂದನ್ನೇ: ದಿನಕ್ಕೆ 5 ಮಿಲಿಗ್ರಾಂ ಹೈಡ್ರಾಕ್ಸಿಟೈರೊಸಾಲ್ ಮತ್ತು ಅದರ ಸಂಬಂಧಿ ವಸ್ತುಗಳನ್ನು ಸೇವಿಸಿದರೆ ಎಲ್‌ಡಿಎಲ್ ಕಣಗಳಿಗೆ ಉತ್ಕರ್ಷಣ ಹಾನಿಯಿಂದ ರಕ್ಷಣೆ ಸಿಗುತ್ತದೆ. ರಕ್ತದೊತ್ತಡ, ಉರಿಯೂತ, ಜೀರ್ಣಾಂಗ ಎಂದು ಕಂಪೆನಿಗಳು ಮುಂದಿಟ್ಟ ಉಳಿದ ದಾವೆಗಳಿಗೆ ಪುರಾವೆ ಸಾಲದೆಂದಿತು. ಎಲ್‌ಡಿಎಲ್ ಎಂಬುದು ರಕ್ತದಲ್ಲಿ ತೇಲುವ ಕೊಬ್ಬಿನ ಗುಳಿಗೆಯೇ ಹೊರತು ಜೀವಕೋಶವಲ್ಲ ಎಂಬುದನ್ನು ಓದುಗರು ಗಮನಿಸಬೇಕು. 'ಜೀವಕೋಶಗಳನ್ನು ಕಾಪಾಡುತ್ತದೆ' ಎಂಬ ಮಾತಿಗೆ ಇನ್ನೂ ಅಂತಹ ಮುದ್ರೆ ಬಿದ್ದಿಲ್ಲ. ಫೀನಾಲ್‌ಗಳು ನೇರವಾಗಿ ರ‍್ಯಾಡಿಕಲ್‌ಗಳನ್ನು ಹಿಡಿಯುವುದಕ್ಕಿಂತ, ಜೀವಕೋಶದ ಸ್ವಂತ ರಕ್ಷಣಾ ಕಿಣ್ವಗಳನ್ನು ಎಬ್ಬಿಸುತ್ತವೆ ಎಂಬ ವಿವರಣೆ ಈಗ ಹೆಚ್ಚು ಮನ್ನಣೆ ಪಡೆಯುತ್ತಿದೆ. ಅದೂ ಬಹುಪಾಲು ಪ್ರಯೋಗಾಲಯದ ಮಾತೇ.

ಹಾಗಾದರೆ ಎಣ್ಣೆಯಿಂದ ಲಾಭವೇ ಇಲ್ಲವೇ? ಹಾಗೆ ಹೇಳಿದರೂ ತಪ್ಪಾಗುತ್ತದೆ. ಸ್ಪೇನಿನಲ್ಲಿ 7,447 ಮಂದಿಯ ಮೇಲೆ ನಡೆದ 'ಪ್ರೆಡಿಮೆಡ್' ಪರೀಕ್ಷೆಯಲ್ಲಿ, ಮೆಡಿಟರೇನಿಯನ್ ಊಟದ ಜತೆ ಶುದ್ಧ ಕನ್ಯಾ ಎಣ್ಣೆ, ಅಂದರೆ ಎಕ್ಸ್‌ಟ್ರಾ ವರ್ಜಿನ್ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮುಂತಾದವು ಸುಮಾರು ಶೇ. 30ರಷ್ಟು ಕಡಿಮೆಯಾದವು. 2013ರಲ್ಲಿ ಪ್ರಕಟವಾದ ಆ ವರದಿಯನ್ನು, ಕೆಲವು ಕಡೆ ಜನರನ್ನು ಗುಂಪುಗಳಿಗೆ ಹಂಚಿದ ಕ್ರಮದಲ್ಲಿ ದೋಷವಿದ್ದುದರಿಂದ 2018ರಲ್ಲಿ ಹಿಂತೆಗೆದುಕೊಂಡು, ಲೆಕ್ಕ ಮತ್ತೆ ಮಾಡಿ ಮರುಪ್ರಕಟಿಸಿದರು. ಫಲಿತಾಂಶ ಹೆಚ್ಚುಕಡಿಮೆ ಹಾಗೆಯೇ ನಿಂತಿತು. 2022ರಲ್ಲಿ ಅದೇ ಹಳೆಯ ಕುರ್ತುಬದಿಂದ 1,002 ಹೃದ್ರೋಗಿಗಳನ್ನು ಏಳು ವರ್ಷ ಗಮನಿಸಿದ ವರದಿ ಬಂತು. ಕೊಬ್ಬು ಕಡಿಮೆಯಿರುವ ಊಟಕ್ಕಿಂತ ಆಲಿವ್ ಎಣ್ಣೆ ಧಾರಾಳವಾಗಿರುವ ಮೆಡಿಟರೇನಿಯನ್ ಊಟವೇ ಮೇಲು ಎಂದಿತು. ಆದರೆ ಈ ಎರಡರಲ್ಲೂ ಪರೀಕ್ಷೆಗೆ ಒಳಗಾದದ್ದು ಇಡೀ ಊಟ. ತರಕಾರಿ, ಬೇಳೆಕಾಳು, ಮೀನು, ಹಣ್ಣು ಎಲ್ಲವೂ ಇದ್ದ ತಟ್ಟೆ. ಬಾಟಲಿಯ ಒಂದು ಚಮಚವಲ್ಲ.

ನಮ್ಮ ಅಂಗಡಿಯ ಬಾಟಲಿ

ನಮ್ಮಲ್ಲಿ ಝೈತೂನ್ ಎಣ್ಣೆ ಮೊದಲು ಬಂದದ್ದು ಕೂಸಿನ ಮೈಗೆ ತಿಕ್ಕಲು, ಕೀಲುನೋವಿಗೆ ಹಚ್ಚಲು. ಈಗ ಅಡುಗೆಗೂ ಬಂದಿದೆ. ಅಗ್ಗವೆಂದು ಹೆಚ್ಚು ಮಾರಾಟವಾಗುವುದು 'ಪೊಮೇಸ್' ಎಣ್ಣೆ. ಗಾಣದಲ್ಲಿ ಹಿಂಡಿದ ಮೇಲೆ ಉಳಿದ ಹಿಂಡಿಯಿಂದ ದ್ರಾವಕ ಹಾಕಿ ಎಳೆದು, ರಿಫೈನ್ ಮಾಡಿ, ಒಂದಿಷ್ಟು ಒಳ್ಳೆಯ ಎಣ್ಣೆ ಬೆರೆಸಿದ್ದು ಅದು. ತಿನ್ನಲು ಅಪಾಯವಿಲ್ಲ, ಕರಿಯಲೂ ಆದೀತು. ಆದರೆ ರಿಫೈನ್ ಆಗುವಾಗ ಫೀನಾಲ್‌ಗಳು ಬಹುಪಾಲು ಹೊರಟುಹೋಗುತ್ತವೆ. ಯೂರೊಲಿವ್ ಪರೀಕ್ಷೆಯಲ್ಲಿ ಕಿಲೊಗೆ ಮೂರು ಮಿಲಿಗ್ರಾಂ ಕೂಡ ಇಲ್ಲದ ಎಣ್ಣೆ ಇತ್ತಲ್ಲ, ಅದು ಇಂತಹ ರಿಫೈನ್ ಎಣ್ಣೆಯೇ. 'ಲೈಟ್' ಎಂದು ಬರೆದದ್ದೂ ರಿಫೈನ್ ಎಣ್ಣೆಯೇ. ಹಗುರವಾದದ್ದು ಬಣ್ಣ ಮತ್ತು ರುಚಿ, ಕೊಬ್ಬು ಎಳ್ಳಷ್ಟೂ ಕಡಿಮೆಯಲ್ಲ. ಕಹಿಯ ಪುಣ್ಯಕ್ಕೆಂದು ದುಡ್ಡು ಕೊಟ್ಟವನು ಮನೆಗೆ ಕೊಂಡೊಯ್ಯುವುದು ಕಹಿ ಕಳೆದ ಎಣ್ಣೆಯನ್ನು. ಇನ್ನು ಈ ಬಾಟಲಿಯನ್ನು ನಂಬಿ ವೈದ್ಯರು ಕೊಟ್ಟ ಬಿ.ಪಿ., ಕೊಲೆಸ್ಟರಾಲ್ ಮಾತ್ರೆಗಳನ್ನು ಬಿಟ್ಟವರನ್ನು ನಾನೇ ನೋಡಿದ್ದೇನೆ. ಮೇಲೆ ಹೇಳಿದ ಯಾವ ಪರೀಕ್ಷೆಯೂ ಅವರಿಗೆ ಆ ಸಲಹೆ ಕೊಟ್ಟಿಲ್ಲ.

ನಿಜವಾದ ಎಣ್ಣೆಯ ಗುರುತು ಗಂಟಲಲ್ಲಿದೆ. ಅಮೆರಿಕದ ವಿಜ್ಞಾನಿ ಗ್ಯಾರಿ ಬೋಶಾಂಪ್ ಒಮ್ಮೆ ಸಿಸಿಲಿಯಲ್ಲಿ ಹೊಸ ಎಣ್ಣೆಯ ರುಚಿ ನೋಡಿದಾಗ ಗಂಟಲ ಹಿಂಭಾಗದಲ್ಲಿ ಚುರುಕು ಹತ್ತಿತು. ದ್ರವರೂಪದ ಐಬುಪ್ರೊಫೆನ್ ನೋವಿನ ಔಷಧಿಯನ್ನು ಪರೀಕ್ಷಿಸುವಾಗ ಆದಂತಹುದೇ ಉರಿ. 2005ರಲ್ಲಿ ಅವರ ತಂಡ ಆ ಉರಿಗೆ ಕಾರಣವಾದ ಫೀನಾಲನ್ನು ಗುರುತಿಸಿ ಓಲಿಯೊಕ್ಯಾಂಥಾಲ್ ಎಂದು ಹೆಸರಿಟ್ಟಿತು. ಡಯಾಸ್ಕೊರಿಡಿಸ್‌ನಿಂದ ಇಬ್ನ್ ಸೀನಾವರೆಗಿನವರು ಹೇಳಿದ ಹಸಿ ಕಾಯಿಯ ಎಣ್ಣೆಯ ಗುಣ ಇದೇ ಘಾಟು. ಎಲ್ಲ ಎಣ್ಣೆಗೂ ತನ್ನದೇ ಕಾವಲು ಇರುತ್ತದೆ ಎಂಬುದನ್ನೂ ಮರೆಯಬಾರದು. ನಮ್ಮ ಗಾಣದ ಎಳ್ಳೆಣ್ಣೆ ಬೇಗ ಕಮಟಾಗದಿರುವುದು ಅದರಲ್ಲಿರುವ ಸೆಸಮಾಲ್‌ನಂತಹ ಫೀನಾಲ್‌ಗಳಿಂದ.

ಈಗ ಕೇಟೊನ ಆ ಕಪ್ಪು ನೀರಿಗೆ ಬರೋಣ. ಮೆಡಿಟರೇನಿಯನ್ ದೇಶಗಳ ಎಣ್ಣೆ ಗಿರಣಿಗಳಿಗೆ ಅದು ದೊಡ್ಡ ತಲೆನೋವಾಗಿತ್ತು. ನದಿಗೆ ಬಿಟ್ಟರೆ ಮೀನು ಸಾಯುತ್ತದೆ, ಹೊಲಕ್ಕೆ ಬಿಟ್ಟರೆ ಬೆಳೆ ಒಣಗುತ್ತದೆ. ಈಗ ಅದರಿಂದಲೇ ಹೈಡ್ರಾಕ್ಸಿಟೈರೊಸಾಲ್ ತೆಗೆದು ಮಾತ್ರೆ ಮಾಡಿ ಮಾರುತ್ತಿದ್ದಾರೆ. ಎಸೆಯಲು ಖರ್ಚು ಮಾಡಬೇಕಿದ್ದ ನೀರಿಗೆ ಬೆಲೆ ಬಂದಿದೆ. ಆ ಮಾತ್ರೆ ನುಂಗಿದವರಲ್ಲಿ ಹೃದಯಾಘಾತ ಕಡಿಮೆಯಾಯಿತೆಂದು ಪ್ರೆಡಿಮೆಡ್‌ನಷ್ಟು ದೊಡ್ಡ ಪರೀಕ್ಷೆಯೊಂದೂ ಇದುವರೆಗೆ ತೋರಿಸಿಲ್ಲ.